ಕರಿ ರೇಷ್ಮೆಯ ತುಂಡು

ಮೊದಲು ಕೈ ತೊಳಕೋ, ನಾಗವೇಣಿ.
ಬಳೆ ಮೇಲಕ್ಕೆ ಸರಿಸು. ಆ ಉಂಗುರ ತೆಗೆದು
ಸೆರಗಿನ ತುದಿಗೆ ಗಂಟು ಹಾಕು.
ಕೆಚ್ಚಲಿಗೆ ಚಿನ್ನ ಗೊತ್ತಿಲ್ಲ,
ಗೀರಿದ್ದು ಮಾತ್ರ ಗೊತ್ತು.

ಮೊಳಕಾಲ್ಮೂರಿನವರು ನಾವು, ಕುಳಿಮಗ್ಗದೊಳಗೆ
ಕಾಲು ಇಳಿಬಿಟ್ಟು ಬೆಳೆದವರು,
ಹಸುವಿನ ಸುದ್ದಿ ನಮಗೇನು ಗೊತ್ತು?
ನಾನೂ ನಿನ್ನಂಗೇ, ಮೋರೆ ನೋಡಿ ಕೊಂಡೆ.
ಹೊಟ್ಟೆಯುದ್ದಕ್ಕೂ ಬಿಳಿ ಪಟ್ಟೆ,
ಅಂಚು ನೇಯ್ದ ಹಾಗೆ. ಸೆರಗಿ ಅಂತ ಕರೆದೆ.
ಮಾರಿದ ಓಬಕ್ಕ ನಕ್ಕಳು:
"ಅಂಚು ನೋಡಿ ಸೀರೆ ಕೊಳ್ಳವ್ವ,
ಹಸು ಕೊಳ್ಳೋರು ಬಗ್ಗಿ ನೋಡ್ತಾರೆ."

ನೀರು ಉಗುರುಬೆಚ್ಚಗಿರಲಿ.
ಒರೆಸೋಕೆ ಒಣಬಟ್ಟೆ, ಮೊಲೆಗೊಂದು ತುಂಡು.
ಒಂದೇ ಬಟ್ಟೆಯಲ್ಲಿ ನಾಲ್ಕೂ ಒರೆಸಿದರೆ
ಒಂದರ ರೋಗವನ್ನು ಉಳಿದ ಮೂರಕ್ಕೆ
ಬಾಗಿನ ಕೊಟ್ಟಂತೆ.

ಈಗ ಈ ಲೋಟ. ಬಾಯಿಗೆ ಕಟ್ಟಿದ್ದು
ಮಗ್ಗದಲ್ಲಿ ಮಿಕ್ಕ ಕರಿ ರೇಷ್ಮೆಯ ತುಂಡು.
ಮೊದಲ ಮೂರು ಧಾರೆ ಚೊಂಬಿಗಲ್ಲ, ಇದಕ್ಕೆ.
ಬಿಳಿಯ ಮೇಲೆ ಬಿಳಿ ಕಾಣದು.
ಕರಿಯ ಮೇಲೆ ಕಾಣುತ್ತೆ:
ರವೆಯಷ್ಟು ಗಂಟು, ಕಡಿದ ಎಳೆ, ಒಮ್ಮೊಮ್ಮೆ
ನೀರಾಗಿ ಹರಡುವ ಹಳದಿ.
ಸಾವಿರ ಎಳೆಯ ನಡುವೆ ಹರಿದ ಒಂದನ್ನು
ಬೆರಳಲ್ಲೇ ಹುಡುಕುವವಳು ನೀನು,
ಕಾಣಲಿಲ್ಲ ಅನ್ನಬೇಡ.

ನನಗೆ ಕಂಡಿತ್ತು.
ಹೇಳಬೇಕಾದ್ದು ಅದೇ.

ಬಳ್ಳಾರಿಯ ಮದುವೆ ಮನೆಯ ಸೀರೆ ಮಗ್ಗದ ಮೇಲಿತ್ತು,
ಸೆರಗಲ್ಲಿ ಹನ್ನೊಂದು ನವಿಲು, ಹನ್ನೆರಡು ದಿನದ ಗಡುವು.
ಎಡಗಡೆ ಹಿಂದಿನ ಮೊಲೆ ಮುಟ್ಟಿದರೆ
ರೊಟ್ಟಿ ಹಂಚಿನ ಬಿಸಿ. ಸೆರಗಿ ಒದ್ದಳು.
ಸೊಕ್ಕು ಅಂದೆ. ಬೈದೆ ಕೂಡ.

ಡಾಕ್ಟರ್ ಕಾಟಯ್ಯ ಬೈಕಿನಲ್ಲಿ ಬಂದು
ಕೆಚ್ಚಲು ಬಾವು ಅಂದರು.
ಮೊಲೆತುದಿಯಿಂದ ಏರಿಸುವ ಟ್ಯೂಬು ಐದು,
ದಿನಕ್ಕೊಂದು. ಆ ಮೊಲೆ ಕೊನೆಗೆ ಕರೆಯಬೇಕು,
ಆ ಹಾಲು ನೆಲಕ್ಕೆ ಚೆಲ್ಲಬಾರದು.
ಔಷಧಿ ಮುಗಿದು ತಾವು ಹೇಳುವ ತನಕ
ನಾಲ್ಕು ಮೊಲೆಯದ್ದೂ ಡೇರಿಗೂ ಬೇಡ, ಚಹಾಕ್ಕೂ ಬೇಡ.

ಮೂರನೇ ದಿನ ಕರಿ ಬಟ್ಟೆ ಮೇಲೆ
ಬರೀ ಹಾಲು. ಒಂದು ರವೆ ಇಲ್ಲ.
ಉಳಿದೆರಡು ಟ್ಯೂಬು
ಉಂಕಿಯ ಪಕ್ಕ, ಕಂಡಿಕೆಗಳ ಜೊತೆ ಮಲಗಿದವು.
ನಾನು ಒಂಬತ್ತನೇ ನವಿಲಿನ ಕತ್ತು ನೇಯುತ್ತಿದ್ದೆ.

ಹದಿನೈದು ದಿನಕ್ಕೆ ತಿರುಗಿ ಬಂತು.
ಈ ಸಲ ಯಾವ ಟ್ಯೂಬಿಗೂ ಬಗ್ಗಲಿಲ್ಲ.
ನುಂಕಪ್ಪನ ಬೆಟ್ಟದ ಗುಂಡು ಮುಟ್ಟಿದ್ದೀಯಲ್ಲ,
ಹಂಗೆ ಗಟ್ಟಿಯಾಯ್ತು ಆ ಕಾಲುಭಾಗ, ಆಮೇಲೆ
ಸದ್ದಿಲ್ಲದೆ ಬತ್ತಿತು.
ಸೀರೆ ಹೋಯಿತು. ಹೊಗಳಿ ಕಳಿಸಿದರು.
ಹನ್ನೊಂದು ನವಿಲಲ್ಲಿ
ಒಂದರ ಕಣ್ಣೂ ತಪ್ಪಿರಲಿಲ್ಲ.

ಅಲ್ಲಲ್ಲ, ಹೆಬ್ಬೆರಳು ಮಡಚಿ ಎಳೆಯಬೇಡ.
ಎಳೆಯೋಕೆ ಅದೇನು ನೂಲೇ?
ಮುಷ್ಟಿಯಲ್ಲಿ ಹಿಡಿ. ಮೇಲಿಂದ ಬೆರಳು ಒಂದೊಂದಾಗಿ
ಮುಚ್ಚುತ್ತಾ ಬಾ. ಹಾಂ.
ಅವಳ ಕಿವಿ ಸಡಿಲಾಯ್ತು, ನೋಡಿದೆಯಾ?
ಪೂರಾ ಕರಿ, ಅರ್ಧಕ್ಕೆ ಏಳಬೇಡ.
ಕೊನೆಗೆ ಈ ಕೆಂಪು ಔಷಧಿಯಲ್ಲಿ ತುದಿ ಅದ್ದು.
ಕರೆದ ಮೇಲೆ ಮೊಲೆಯ ಬಾಗಿಲು
ಅರ್ಧ ಗಂಟೆ ತೆರೆದೇ ಇರುತ್ತೆ.
ಮುಂದೆ ಮೇವು ಹಾಕು,
ನಿಂತೇ ತಿನ್ನಲಿ, ಸಗಣಿಯಲ್ಲಿ ಮಲಗದಿರಲಿ.

ಏನು ಕೇಳಿದೆ?
ಹೂಂ, ಅದನ್ನೂ ತೊಳೀತೀನಿ.
ಅದಕ್ಕೂ ಒಂದು ಬಟ್ಟೆ ಇದೆ.
ಬರೋದೇನಿಲ್ಲ ಅಂತ ಗೊತ್ತು.
ಕೈ ಅಲ್ಲಿಗೆ ಬಂದಾಗ ಸೆರಗಿ
ಕತ್ತು ತಿರುಗಿಸಿ ನೋಡ್ತಾಳೆ,
ನಾನು ಬೇರೆ ಕಡೆ.

ಏಳು, ಡೇರಿಯ ಗಂಟೆ ಆಯ್ತು.
ಆ ಲೋಟ ಬಿಸಿನೀರಲ್ಲಿ ಜಾಲಿಸು,
ಕರಿ ತುಂಡು ಕುದಿಸಿ ಬಿಸಿಲಿಗೆ ಹಾಕು.
ಉಂಗುರ ಮರೀಬೇಡ.