ಕಿರುಬೆರಳಷ್ಟು

ಜೋಗಿಮಟ್ಟಿ ತಪ್ಪಲಿಂದ ಬೆಳಗಿನ ಆಟೋದಲ್ಲಿ
ಅಮೃತಬಳ್ಳಿ ಇಳಿಯುತ್ತದೆ, ಹೊರಸಿನ ಹಗ್ಗದ ಹಾಗೆ ಸುರುಳಿ ಸುತ್ತಿ.
ದುರ್ಗದ ಆಸ್ಪತ್ರೆ ಗೇಟಿನ ಬಲಕ್ಕೆ, ಜೆರಾಕ್ಸ್ ಅಂಗಡಿಯ ನೆರಳಿಗೆ
ಬೋರಕ್ಕ ಗೋಣಿ ಹಾಸುತ್ತಾಳೆ.
"ಬೇವಿಗೆ ಹಬ್ಬಿದ್ದು ಕಣವ್ವ, ಜಾಲಿಯದಲ್ಲ"
ಅಂತ ತೊಗಟೆಯನ್ನು ಉಗುರಲ್ಲಿ ಕೆರೆದು, ಒಳಗಿನ ಹಸಿರು ತೋರಿಸಿ
ನಾಲಿಗೆಗೆ ಮುಟ್ಟಿಸುತ್ತಾಳೆ. ಆ ಕಹಿ
ಮಧ್ಯಾಹ್ನದ ಮುದ್ದೆಯವರೆಗೂ ಜತೆಗಿರುತ್ತದೆ.

ನಾನು ಕಿಟಕಿಯ ಈಚೆ, ರಕ್ತ ತೆಗೆಯುವವಳು.
ಅವಳ ಬಾಯಲ್ಲಿ ಸೂಜಿಯವ್ವ.
ಜ್ವರಕ್ಕೆ ಅವಳ ಹತ್ತಿರ ಬಳ್ಳಿ, ಮೆಣಸು, ಶುಂಠಿ,
ಸೇರು ನೀರು ಪಾವಿಗೆ ಇಳಿಯುವ ತನಕ ಕಾಯುವ ಒಲೆ;
ನನ್ನ ಹತ್ತಿರ ಕೆಂಪು ಮುಚ್ಚಳದ ನಳಿಗೆ.
ಹತ್ತು ವರ್ಷದಿಂದ ಒಬ್ಬರ ಗಿರಾಕಿ ಇನ್ನೊಬ್ಬರಿಗೆ.

ಕೊರೊನಾ ಬಂದ ವರ್ಷ ಅವಳ ಗೋಣಿ ಒಂಬತ್ತಕ್ಕೇ ಖಾಲಿ.
ಮೆಡಿಕಲ್ ಶಾಪಿನಲ್ಲೂ ಅದೇ ಬಳ್ಳಿ, ಮಾತ್ರೆಯಾಗಿ,
ಡಬ್ಬಿಯ ಮೇಲೊಂದು ಗುರಾಣಿಯ ಚಿತ್ರ.
ಕಂಡಕ್ಟರ್ ತಿಪ್ಪೇರುದ್ರಪ್ಪ ಎರಡನ್ನೂ ಕೊಂಡ.
ದಿನಾ ಲೋಟ ಕಷಾಯ, ಮೇಲೆ ನಾಲ್ಕು ಮಾತ್ರೆ, ಎಂಟು ತಿಂಗಳು,
ಬಸ್ಸಿನ ಅಷ್ಟೂ ಜನರ ಉಸಿರು ನನ್ನ ಮೇಲೇ ಅಂತ.
ಕೊನೆಗೆ ಕಣ್ಣು ಅರಿಶಿನ.
ಅವನ ಲಿವರಿನ ಲೆಕ್ಕ ಎರಡು ಸಲ ಓಡಿಸಿದೆ,
ಯಂತ್ರ ಕೆಟ್ಟಿದೆಯೇನೋ ಎಂದು.
ಕೆಟ್ಟಿರಲಿಲ್ಲ.

ಡಾಕ್ಟರು ಎಲ್ಲ ನಿಲ್ಲಿಸಿದರು.
ಸುದ್ದಿ ಕೇಳಿ ಬೋರಕ್ಕ ಕಿಟಕಿಗೆ ಬಂದಳು.
"ಕಿರುಬೆರಳಷ್ಟು ಅಂದಿದ್ದೆ. ಏಳು ದಿನ ಅಂದಿದ್ದೆ.
ಬಳ್ಳಿಗೆ ನಿಲ್ಲೋದು ಗೊತ್ತಿಲ್ಲ,
ಕುಡಿಯೋರಿಗಾದ್ರೂ ಗೊತ್ತಿರಬ್ಯಾಡ್ವಾ?"
ಆಮೇಲೆ, ಸರಳು ಹಿಡಿದುಕೊಂಡು, ಸಣ್ಣಗೆ:
"ಅವ್ನು ದಿನಾ ಬರ್ತಿದ್ದ. ನಾನೂ ದಿನಾ ಕೊಟ್ಟೆ."

ಮೂರು ತಿಂಗಳಿಗೆ ಅವನ ಕಣ್ಣು ತಿಳಿಯಾಯಿತು,
ಈಗ ಹಿರಿಯೂರು ರೂಟಿನಲ್ಲಿದ್ದಾನೆ.
ಡಾಕ್ಟರಿಗೆ ತೋರಿಸಲೆಂದು ತಂದು ಮರೆತುಹೋದ ತುಂಡು
ನನ್ನ ಕಿಟಕಿಯಲ್ಲೇ ಇದೆ, ಸಿರಿಂಜಿನ ಖಾಲಿ ಪೆಟ್ಟಿಗೆಯ ಪಕ್ಕ.
ಮಣ್ಣಿಲ್ಲ, ನೀರಿಲ್ಲ.
ಯಾರನ್ನೂ ಕೇಳದೆ ಎರಡು ಎಲೆ ಬಿಟ್ಟಿದೆ.

ನಿನ್ನೆ ಬೋರಕ್ಕ ಒಳಗೇ ಬಂದಳು.
ಮೂರೇ ಮೆಟ್ಟಿಲಿಗೆ ಏದುಸಿರು.
ತೋಳು ನನ್ನ ಕಡೆಗೆ ಚಾಚಿ ಮುಖ ಗೋಡೆಗೆ ಹಾಕಿದಳು.
ಹಿಮೋಗ್ಲೋಬಿನ್ ಏಳೂವರೆ.
ಊರಿಗೆಲ್ಲ ಅಮೃತ ಅಳೆದವಳ ಮೈಯಲ್ಲಿ
ರಕ್ತ ಇಷ್ಟೇ.

ಕಬ್ಬಿಣದ ಮಾತ್ರೆಯ ಹಾಳೆ ಕೈಗಿಟ್ಟೆ.
ಹಿಂದೆ ಮುಂದೆ ತಿರುಗಿಸಿದಳು, ಮೂಸಿದಳು,
"ಎಷ್ಟು ದಿನ?" ಅಂದಳು.
ನಾನು ಬಾಯಿ ತೆರೆಯುವ ಮೊದಲೇ ಮತ್ತೆ:
"ಯಾವಾಗ ನಿಲ್ಲಿಸ್ಲಿ?"