ಆಕ್ಷೇಪಣೆಗೆ ಕೊನೆಯ ದಿನ

ಕರಡು ಬಂದು ಐವತ್ತೊಂಬತ್ತು ದಿನವಾಯಿತು.
ಹಾಸನಾಂಬೆಯ ಬಾಗಿಲ ಹಾಗೆ ಇದೂ,
ತೆರೆದಾಗಲೇ ನೋಡಬೇಕು, ನಾಳೆ ಮುಚ್ಚುತ್ತದೆ.
ಅವಳು ವರ್ಷಕ್ಕೊಮ್ಮೆ,
ಇವರು ಎಂಟು ಹತ್ತು ವರ್ಷಕ್ಕೊಮ್ಮೆ.
ಕ್ಯೂನಲ್ಲಿ, ನನಗೆ ಗೊತ್ತಿರುವ ಮಟ್ಟಿಗೆ, ನಾನೊಬ್ಬಳೇ.

ಇಂಡಸ್ಟ್ರಿಯಲ್ ಏರಿಯಾದ ಮೂರನೇ ಕ್ರಾಸು,
ಪಲ್ಪರ್ ಶಾಫ್ಟು ಮಾಡುವ ಷೆಡ್ಡು.
ಕಾಫಿ ಕುಯ್ಲು ಶುರುವಾದರೆ ಸಕಲೇಶಪುರದ ಜೀಪುಗಳು
ಮುರಿದದ್ದನ್ನು ಗೋಣಿಯಲ್ಲಿ ಸುತ್ತಿ ತಂದು
ಸಂಜೆಗೇ ಬೇಕು ಅನ್ನುತ್ತವೆ.
ನನ್ನ ಕೆಲಸ ಅಳೆಯುವುದು, ಬರೆಯುವುದು,
ಸರಿಯಿಲ್ಲದ್ದಕ್ಕೆ ಕೆಂಪು ಬಳಿಯುವುದು.
ಹಳೇಬೀಡಿನ ಕಂಬದ ಮಾತು ಮಾತ್ರ ಎತ್ತಬೇಡಿ.
ಇಲ್ಲಿಗೆ ಬಂದ ಪ್ರತಿ ಆಡಿಟರೂ ಎತ್ತಿದ್ದಾನೆ,
ಮೊಗಣ್ಣನ ಲೇತನ್ನು ಆ ಕಲ್ಲಿನ ಪಕ್ಕ ನಿಲ್ಲಿಸಿ
ಆಮೇಲೆ ಮೂರು ತಪ್ಪು ಬರೆದು ಹೋಗಿದ್ದಾನೆ.

ನೂರಾ ಹನ್ನೆರಡು ಪುಟ. ಬದಲಾದ ಸಾಲಿಗೆಲ್ಲ
ಅಂಚಿನಲ್ಲೊಂದು ನಿಂತ ಗೀಟು.
ಬಾಣದ ತುದಿ ಕೊಂಚ ಸಣ್ಣಗಾಗಿದೆ.
ದೊರಗು ಮೈಯ ಗುರುತಿಗೆ ಹೊಸ ಬಾಲ.
ಎಪ್ಪತ್ತಾರನೇ ಪುಟದಲ್ಲಿ
ಸುತ್ತಿನೊಳಗೊಂದು ಸುತ್ತು,
ಅದನ್ನು ತೆಗೆದುಹಾಕಿದ್ದಾರೆ.

ಕಾರಣವನ್ನೂ ಕೊಟ್ಟಿದ್ದಾರೆ, ಮರ್ಯಾದಸ್ತರು:
ನಡುಗೆರೆ ಎಂಬುದು ಎಲ್ಲೂ ಇಲ್ಲ, ಮುಟ್ಟಲಾಗದು,
ಮುಟ್ಟಲಾಗದ್ದನ್ನು ಅಳೆಯಿರಿ ಎನ್ನುವುದು ತರವಲ್ಲ.
ಇನ್ನು ಮೇಲೆ ತಿರುಗಿಸಿ, ಓಲಾಟ ನೋಡಿ, ಸಾಕು.

ನನಗೆ ಯಾಕೋ ಸಿಟ್ಟು ಬಂತು.
ಪಾಲಿಟೆಕ್ನಿಕ್ಕಿನಲ್ಲಿ ಕೈವಾರ ಹಿಡಿದ ಮೊದಲ ವಾರ
ಒಂದೇ ಚುಚ್ಚಿನಿಂದ ಎರಡು ಸುತ್ತು ಎಳೆದಿದ್ದೆ.
ತರಗತಿಗೆ ನಾವಿಬ್ಬರೇ ಹುಡುಗಿಯರು,
ಫಿಲೋಮಿನಾಳ ಕೈವಾರ ಜಾರಿ ಕಾಗದ ಹರಿದಿತ್ತು.
ಹಾಳೆ ಮಗುಚಿ ಸವರಿದರೆ
ನನ್ನ ಚುಚ್ಚು ಬೆರಳಿಗೆ ಸಿಗುತ್ತಿತ್ತು.
ಅದು ಇಲ್ಲ ಅಂದರೆ ಹೇಗೆ?

ಫಾರಂ ತುಂಬತೊಡಗಿದೆ.
ಕಲಮು ಇಷ್ಟು. ಆಕ್ಷೇಪಣೆಯ ಬಗೆ: ತಾಂತ್ರಿಕ.
ಸೂಚಿಸುವ ತಿದ್ದುಪಡಿ: ಗುರುತು ಉಳಿಯಲಿ.
ಕಾರಣ:
ಅಲ್ಲಿ ಪೆನ್ನು ನಿಂತಿತು.

ಮೊಗಣ್ಣ ಟೀ ಲೋಟ ಹಿಡಿದು ಬಗ್ಗಿ ನೋಡಿದ.
"ಅದಾ? ತಗುದ್ರೆ ತಗೀಲಿ ಬುಡವ್ವ.
ಯಾವತ್ತು ಅದ್ನ ಅಳ್ದಿದ್ದೀವಿ ನಾವು?
ಡಯಲ್ ಇಟ್ಟು ತಿರುಗಿಸ್ತಿದ್ವಿ,
ಮುಳ್ಳು ಎಲ್ಡು ಗೀಟಿನೊಳ್ಗೆ ಕುಣುದ್ರೆ
ನೀನು ಓಕೆ ಅಂತ ಬರೀತಿದ್ದೆ."

ಹದಿನೇಳು ವರ್ಷದ ರಿಜಿಸ್ಟರು ಬೀರುವಿನಲ್ಲಿದೆ.
ಒಂದು ಕಾಲಮ್ಮು ಪೂರ್ತಿ ನನ್ನ ಕೈಬರಹ,
ನನ್ನ ಸಹಿ,
ಅಳೆಯದ ಅಳತೆ.
ಒಂದು ಶಾಫ್ಟೂ ವಾಪಸ್ಸು ಬಂದಿಲ್ಲ, ನಿಜ.
ಒಂದು ಬಂದಿತ್ತು. ಅದು ಬೇರಿಂಗಿನ ತಪ್ಪು.
ಹಾಗಂತ ಬರೆದವಳೂ ನಾನೇ.

ತಾಳಿದವನು ಬಾಳಿಯಾನು ಅನ್ನುತ್ತಾರೆ,
ಎಷ್ಟು ತಾಳಬೇಕು ಅಂತ ಗಾದೆ ಹೇಳುವುದಿಲ್ಲ.
ನಮ್ಮ ಹಾಳೆ ಹೇಳುತ್ತದೆ:
ಮೇಲೆ ಸೊನ್ನೆ, ಕೆಳಗೆ ಇಪ್ಪತ್ತೊಂದು ಮೈಕ್ರಾನು,
ಅದರಾಚೆ ಕೆಂಪು ಬಣ್ಣ.

ಗ್ರೈಂಡರ್ ಆಫ್ ಮಾಡಿ ಇನಾಯತ್ ಕೇಳಿದ:
"ಅಕ್ಷರದ ಎತ್ತರದ ಬಗ್ಗೆ ಏನಾದ್ರೂ ಬರ್ದಿದ್ದಾರಾ ಮೇಡಂ?
ಆಯಿಲ್ ಬಿದ್ರೆ ಮೂರು ಎಂಟಾಗುತ್ತೆ."

ಬರೆದದ್ದನ್ನು ಹೊಡೆದುಹಾಕಿದೆ.
ಗುರುತು ತೆಗೆಯಲು ನಮ್ಮ ಅಡ್ಡಿಯಿಲ್ಲ.
ಆದರೆ ಹಳೆಯ ಹಾಳೆಗಳು ಇನ್ನೂ ಇಪ್ಪತ್ತು ವರ್ಷ
ಇಂಥ ಷೆಡ್ಡುಗಳಲ್ಲಿ ಕೈಯಿಂದ ಕೈಗೆ ಓಡಾಡುತ್ತವೆ.
ಆ ಎರಡು ಸುತ್ತು ಏನು ಕೇಳುತ್ತಿದ್ದವು ಎಂದು
ಕೊನೆಯ ಪುಟದಲ್ಲಾದರೂ ಒಂದು ಸಾಲು ಇರಲಿ.
ಮತ್ತೆ, ಅಂಕಿಗಳು ಒಂದು ಮಿಲಿಮೀಟರು ಎತ್ತರವಾಗಲಿ.
ಕಾರಣ: ಎಣ್ಣೆ.

ಉತ್ತರ ಬಂದದ್ದು ಮುಂದಿನ ಕುಯ್ಲಿಗೆ.
ನಾನೂರಾ ಹದಿನೆಂಟನೆಯದು ನಮ್ಮದು.
ಸಾಲಿನ ಬಗ್ಗೆ: ಗಮನಿಸಲಾಗಿದೆ.
ಎತ್ತರದ ಬಗ್ಗೆ: ಭಾಗಶಃ ಒಪ್ಪಿದೆ, ಅರ್ಧ ಮಿಲಿಮೀಟರು.

"ಅರ್ಧ ಮಿಲೀನಾ!" ಮೊಗಣ್ಣ ನಕ್ಕ.
"ಅಷ್ಟು ಬುಟ್ರೆ ಶಾಫ್ಟು ಬೇರಿಂಗ್ನೊಳ್ಗೆ
ಬೀಗ್ರ ಮನೆಗೆ ಬಂದಂಗೆ ಓಡಾಡ್ತದೆ."