ಏಳನೇ ಪುಟ

ಕುಮಾಸಿಯ ಅಡುಮ್ ಪೇಟೆ. ಗಡಿಯಾರ ರಿಪೇರಿ ಅಂಗಡಿಯ ಮಹಡಿ ಮೇಲೆ
ನನ್ನದೊಂದು ಕಂಪ್ಯೂಟರು, ಬಾಸ್ ಅಡೋಮ್‌ನದೊಂದು ಪ್ರಿಂಟಿಂಗ್ ಮೆಷೀನು.
ಗುರುವಾರ ರಾತ್ರಿ ನಮಗೆ ನಿದ್ದೆಯಿಲ್ಲ:
ಯಾವತ್ತೇ ಸತ್ತಿರಲಿ, ಇಲ್ಲಿ ಮಣ್ಣಿಗಿಡುವುದು ಶನಿವಾರ,
ಇಡುವ ಮುಂಚೆ ಬಂದವರ ಕೈಗೊಂದು ಪುಸ್ತಿಕೆ.
ಹದಿನಾರು ಪುಟ, ಬಣ್ಣದ ರಕ್ಷಾಪುಟ,
ನಗುವ ಫೋಟೊ ಸಿಕ್ಕರೆ ನಗುವ ಫೋಟೊ.

ಒಂದೊಂದು ಸಾವಿಗೂ ಹೊಸದಾಗಿ ಗೆರೆ ಎಳೆಯುತ್ತ ಕೂತರೆ
ಬದುಕಿದ್ದವರ ಗತಿಯೇನು?
ಅದಕ್ಕೇ ಮಾಸ್ಟರ್ ಪೇಜು.
ಅಂಚಿಗೆ ಕೆಂಪು ಕಪ್ಪು ಪಟ್ಟಿ
(ತುಂಬು ವಯಸ್ಸಾಗಿದ್ದರೆ ಬಿಳಿ, ಅದಕ್ಕೆ ಬೇರೆ ಮಾಸ್ಟರು),
ಮೂಲೆಯಲ್ಲಿ ಸಾವಿನ ಏಣಿ, ಎಲ್ಲರೂ ಹತ್ತಬೇಕಾದ್ದು.
ಮೇಲೆ ಹಣೆಬರಹ, ಅದು ಎಲ್ಲರಿಗೂ ಒಂದೇ: ಕರೆ ಬಂತು, ಹೋದರು.
ಕೆಳಗೆ ಅಡಿಬರಹ: ಹೆಸರು, ಎರಡು ಇಸವಿ, ನಡುವೆ ಅಡ್ಡಗೆರೆ.
ಒಂದು ಕಡೆ ತಿದ್ದಿದರೆ ಹದಿನಾರು ಕಡೆ ತಿದ್ದಿದಂತೆ.

ಪುಟದ ಸಂಖ್ಯೆ ಇರಬೇಕಾದಲ್ಲಿ ಮಾಸ್ಟರಿನಲ್ಲಿ ಬರೀ ಒಂದು 'ಎ'.
ಎಣಿಕೆ ಇನ್ನೂ ಶುರುವಾಗಿಲ್ಲ ಅಲ್ಲಿ.
ಆ ಪುಟ ಎಂದೂ ಅಚ್ಚಾಗುವುದಿಲ್ಲ.
"ಹಾಗಾದರೆ ಅದು ಎಲ್ಲಿರುತ್ತೆ ಅಕ್ಕಾ?"
ಕೆಲಸ ಕಲಿಯಲು ಬಂದ ಬಾಫೋ ಕೇಳಿದ್ದ.
"ಎಲ್ಲದರ ಕೆಳಗೆ," ಅಂದಿದ್ದೆ.
ನನಗೆ ಗೊತ್ತಿದ್ದದ್ದೂ ಅಷ್ಟೇ.

ಫೆಬ್ರವರಿಯಲ್ಲಿ ಟೀಚರ್ ಅಸಾರೆ.
ಏಳನೇ ಪುಟಕ್ಕೆ ಅವರ ಹಳೇ ತರಗತಿಯ ಫೋಟೊ,
ಮೂರು ಸಾಲು ಮಕ್ಕಳು.
ಮುಂದಿನ ಸಾಲಿನ ಪಾದಗಳ ಮೇಲೇ ಅಡಿಬರಹ ಬೀಳುತ್ತಿತ್ತು.
ಎರಡು ಕೀಲಿ ಒತ್ತಿಹಿಡಿದು, ಆ ಚೌಕಟ್ಟನ್ನು ಮಾಸ್ಟರಿಂದ ಬಿಡಿಸಿ
ಬೆರಳಗಲ ಕೆಳಕ್ಕೆ ಸರಿಸಿದೆ.
ಪಾದಗಳು ಉಳಿದವು.
ಹಾಗೆ ಬಿಡಿಸಿಕೊಂಡದ್ದು ಆಮೇಲೆ ತಾಯಿಪುಟದ ಮಾತು ಕೇಳುವುದಿಲ್ಲ.
ಗೊತ್ತಿತ್ತು ನನಗೆ.
ಗೊತ್ತಿದ್ದದ್ದು ನೆನಪಿರಲಿಲ್ಲ.

ಜೂನಿನಲ್ಲಿ ಲಾರಿ ಡ್ರೈವರ್ ಅಂಪೋನ್ಸಾ.
ಅದೇ ಫೈಲು. ಎರಡು ಸಲ ಕರೆಂಟು ಹೋಯಿತು.
ಮಾಸ್ಟರಿನಲ್ಲಿ ಹೆಸರು ತಿದ್ದಿದೆ, ಫೋಟೊ ತೆಗೆದೆ,
ಏಳನೇ ಪುಟಕ್ಕೆ ಹೆಂಡತಿಯ ಮಾತು ಸುರಿದೆ:
*ನಿನ್ನ ಬ್ರೇಕಿನ ಸದ್ದು ತಿರುವಿನಲ್ಲಿ ಕೇಳುತ್ತಲೇ*
*ಒಲೆಗೆ ನೀರಿಡುತ್ತಿದ್ದೆ.*
ಅದರ ಕೆಳಗೆ, ಬೆರಳಗಲ ತಗ್ಗಿನಲ್ಲಿ, ಟೀಚರ್ ಅಸಾರೆ,
ತನ್ನೆರಡು ಇಸವಿಗಳ ಸಮೇತ.
ಆರುನೂರು ಪ್ರತಿ.
ಶನಿವಾರದ ಸೆಕೆಗೆ ಶಾಮಿಯಾನದಡಿ
ಊರೆಲ್ಲ ಅದರಲ್ಲೇ ಗಾಳಿ ಹಾಕಿಕೊಂಡಿತು.

ಸೋಮವಾರ ಆ ಹೆಂಗಸು, ಸೆರ್ವಾ, ಮೆಟ್ಟಿಲು ಹತ್ತಿ ಬಂದಳು.
ಕೂಗಲಿಲ್ಲ. ಪುಟ ತೆರೆದು ಬೆರಳಿಟ್ಟಳು.
"ಯಾರಿವನು?"
ನಾನು ಮಾಸ್ಟರು, ಕೀಲಿ, ಚೌಕಟ್ಟು ಎಲ್ಲ ಹೇಳಿದೆ,
ತಪ್ಪು ನನ್ನದೇ ಅಂದೆ.
"ಅದಲ್ಲ ನಾನು ಕೇಳಿದ್ದು. ಯಾರಿವನು?"

ಕಪಾಟಿನಿಂದ ಅಸಾರೆಯ ಪುಸ್ತಿಕೆ ಕೊಟ್ಟೆ.
ತುಟಿಯಾಡಿಸುತ್ತ ಓದಿದಳು, ಪ್ರಾರ್ಥನೆಗಳನ್ನು ಬಿಟ್ಟು.
ಏಳನೇ ಪುಟದಲ್ಲಿ ನಿಂತಳು.
ಮುಂದಿನ ಸಾಲಲ್ಲಿ ಎಲ್ಲರಿಗೂ ಚಪ್ಪಲಿ, ಒಬ್ಬನದು ಬರಿಗಾಲು.
ಆ ಕಾಲಿನ ಮೇಲೆ ಹೆಬ್ಬೆರಳಿಟ್ಟು
ಮೆಷೀನು ಒಂದು ಕಟ್ಟು ಮುಗಿಸುವಷ್ಟು ಹೊತ್ತು ಸುಮ್ಮನಿದ್ದಳು.
ನಾನು ಕೇಳಲಿಲ್ಲ. ಅವಳು ಹೇಳಲಿಲ್ಲ.

ಆಮೇಲೆ ಬಾಕಿ ಹಣ ಕೊಡುವುದಿಲ್ಲ ಅಂದಳು.
ಬಾಸ್ ಬಾಯಿ ತೆರೆದ, ಮುಚ್ಚಿದ;
ನನ್ನ ಸಂಬಳದಲ್ಲಿ ಮೂರು ಕಂತಿಗೆ ಮುರಿದುಕೊಂಡ.
ಅಸಾರೆಯ ಪುಸ್ತಿಕೆ ಅವಳ ಕೈಚೀಲದೊಳಗೆ ಹೋಯಿತು,
ಗಂಡನದರ ಜೊತೆಗೆ.

ಬಾಫೋ ಈಗ ನನಗಿಂತ ಚುರುಕು.
ಯಾವ ಸಾವು ಬಂದರೂ, ಫೈಲು ತೆರೆದು
ಮೊದಲು ಏಳಕ್ಕೇ ಹೋಗುತ್ತಾನೆ,
ಬಿಡಿಸಿದ್ದನ್ನು ಮತ್ತೆ ತಾಯಿಗೆ ಒಪ್ಪಿಸುತ್ತಾನೆ.
"ಯಾರೂ ಇಲ್ಲ ಅಕ್ಕಾ," ಅನ್ನುತ್ತಾನೆ.
ಆದರೂ ಒಂದು ಸಲ ನಾನೇ ಬಗ್ಗಿ ನೋಡುತ್ತೇನೆ:
ಅಡ್ಡಗೆರೆ ಒಂದೇ ಇದೆ,
ಆಚೆ ಈಚೆ ಇನ್ನೂ ಏನೂ ಬರೆದಿಲ್ಲ.